ಕಿವಿಗೂ ಒಂದು ಪರೀಕ್ಷೆ ಬೇಕು

ಧಾರವಾಡದ ಸಂಗೀತವನ್ನು ಹೊಗಳುವವರೆಲ್ಲ ಕಂಠವನ್ನು ಹೊಗಳುತ್ತಾರೆ. ಕಿವಿಯ ಮಾತು ಎತ್ತುವವರು ಕಡಿಮೆ. ಆದರೆ ಕಂಠಕ್ಕಿಂತ ಮೊದಲು ತಯಾರಾಗಬೇಕಾದದ್ದು ಕಿವಿ. ಸಂಗೀತದ ಪದವಿಗಾಗಿ ಓದುವ ತರುಣ ತರುಣಿಯರು ಹಾಡುವದನ್ನು ಕೇಳಿದಾಗಲೆಲ್ಲ ನನಗೆ ಹೀಗೆನ್ನಿಸುತ್ತದೆ.

ವಿದ್ಯಾಪೀಠದಲ್ಲಿ ಸಂಗೀತ ಕಲಿಯಲಾಗದೆಂಬ ಹಳೆಯ ತಕರಾರು ನನ್ನದಲ್ಲ. ಗಂಗೂಬಾಯಿ ಹಾನಗಲ್ಲ ಅವರೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾಗಿದ್ದರು. ಗುರುವಿನ ಮನೆಯ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ. ಕಾಲೇಜಿನ ಬಾಗಿಲು ಮನೆಯಲ್ಲಿ ಯಾರೂ ಹಾಡದವರಿಗೂ ತೆರೆಯುತ್ತದೆ. ಇದು ಸಣ್ಣ ಲಾಭವಲ್ಲ.

ನನ್ನ ತಕರಾರಿರುವದು ವಹಿಯ ಮೇಲಿನ ಅತಿ ವಿಶ್ವಾಸದ ಬಗ್ಗೆ. ಭಾತಖಂಡೆಯವರು (1860-1936) ನೂರಾರು ಚೀಜುಗಳನ್ನು ಸ್ವರಲಿಪಿಗೆ ಇಳಿಸಿ ದೊಡ್ಡ ಉಪಕಾರ ಮಾಡಿದರು. ಆದರೆ ಲಿಪಿಯ ದಾರಿ ಎಲ್ಲಿಗೆ ಮುಗಿಯುತ್ತದೆ ನೋಡಿರಿ. ಭೂಪ, ದೇಶಕಾರ ಎರಡಕ್ಕೂ ಸಾ ರೇ ಗ ಪ ಧ ಎಂಬ ಐದೇ ಸ್ವರಗಳು. ಒಂದಕ್ಕೆ ಗಾಂಧಾರ ವಾದಿ, ಇನ್ನೊಂದಕ್ಕೆ ಧೈವತ. ಇಷ್ಟನ್ನು ಬಾಯಿಪಾಠ ಮಾಡಿದವನು ಬರಹದ ಪರೀಕ್ಷೆಯಲ್ಲಿ ಪೂರ್ತಿ ಅಂಕ ಗಳಿಸುತ್ತಾನೆ. ಹಾಡಲು ಕುಳಿತಾಗ ಅವನ ದೇಶಕಾರ ಭೂಪದ ಮನೆ ಹೊಕ್ಕು ಕೂತಿರುತ್ತದೆ. ಅವನಿಗೆ ಗೊತ್ತೇ ಆಗುವದಿಲ್ಲ. ಮಾರವಾ, ಪೂರಿಯಾ, ಸೋಹನಿಗಳಿಗೂ ಸ್ವರಗಳು ಒಂದೇ. ಪೂರಿಯಾ ಮಂದ್ರದಲ್ಲಿ ಅರಳುತ್ತದೆ, ಸೋಹನಿ ತಾರದತ್ತ ಏರುತ್ತದೆ. ಈ ಭೇದವನ್ನು ಬರೆಯಬಹುದು. ಹಿಡಿಯಬೇಕಾದದ್ದು ಮಾತ್ರ ಕಿವಿಯೇ.

ಸವಾಯಿ ಗಂಧರ್ವರ (1886-1952) ಬಳಿ ಕಲಿಯಲು ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗುತ್ತಿದ್ದರು. ಅಂಥ ತಾಲೀಮಿನಲ್ಲಿ ಗುರು ಹಾಡಿದ್ದನ್ನು ಶಿಷ್ಯರು ತಿರುಗಿ ಹಾಡಬೇಕು. ತಪ್ಪಿದರೆ ಮತ್ತೆ ಅದೇ ಪಲುಕು. ಅಲ್ಲಿ ಕ್ಷಣಕ್ಷಣವೂ ಕಿವಿಯ ಪರೀಕ್ಷೆ. ಹಲವರು ಕೂಡಿದ ವರ್ಗದಲ್ಲಿ, ಗಂಟೆ ಬಾರಿಸುವದರೊಳಗೆ, ಇದು ಸಾಧ್ಯವಿಲ್ಲ. ಆದುದರಿಂದಲೇ ವಿದ್ಯಾಪೀಠದಲ್ಲಿ ಅದಕ್ಕೆ ಬೇರೆಯೇ ಏರ್ಪಾಡು ಬೇಕು.

ಪ್ರಾಯೋಗಿಕ ಪರೀಕ್ಷೆ ಸಾಲದೇ ಎಂದು ವಾಚಕರು ಕೇಳಬಹುದು. ತಿದ್ದಿ ತೀಡಿ ತಂದ ಬಂದಿಶನ್ನು ಒಪ್ಪಿಸುವದು ಹೆಚ್ಚಾಗಿ ನೆನಪಿನ ಪರೀಕ್ಷೆ. ಕಿವಿಯನ್ನು ನೋಡಬೇಕಾದರೆ ಮೂರು ಕೆಲಸ ಕೊಡಬೇಕು. ವಿದ್ಯುತ್ ತಂಬೂರಿಯನ್ನು ಬದಿಗಿಟ್ಟು, ನಿಜವಾದ ತಂಬೂರಿಯ ಪಂಚಮ, ಜೋಡಿ, ಖರ್ಜದ ತಂತಿಗಳನ್ನು ವಿದ್ಯಾರ್ಥಿಯೇ ಪರೀಕ್ಷಕರೆದುರು ಕೂಡಿಸಬೇಕು. ಅಪರಿಚಿತ ಪಲುಕೊಂದನ್ನು ಕೇಳಿ ರಾಗ ಗುರುತಿಸಬೇಕು. ಅದನ್ನೇ ತಿರುಗಿ ಹಾಡಬೇಕು. ಪಾಶ್ಚಾತ್ಯ ಸಂಗೀತಶಾಲೆಗಳಲ್ಲಿ ಕಿವಿಯ ಶಿಕ್ಷಣ ಒಂದು ಪ್ರತ್ಯೇಕ ವಿಷಯವೇ ಆಗಿದೆ. ಕೇಳಿಯೇ ಬೆಳೆದ ನಮ್ಮ ಸಂಗೀತಕ್ಕೆ ಅದು ಪರಕೀಯವಾಗಲಾರದು.

ಇದು ಕೆಲವು ಅಂಕಗಳ ಪ್ರಶ್ನೆಯಲ್ಲ. ಇಂದಿನ ಪದವೀಧರರಲ್ಲಿ ಅನೇಕರು ನಾಳೆ ಶಿಕ್ಷಕರಾಗುವರು. ತನ್ನ ತಪ್ಪನ್ನೇ ಕೇಳಲಾರದವನು ಮಕ್ಕಳ ತಪ್ಪನ್ನು ಹೇಗೆ ತಿದ್ದಬೇಕು? ಆಗ ಅಪಸ್ವರಕ್ಕೂ ಪದವಿಯ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ತಪ್ಪನ್ನು ಪ್ರಶ್ನಿಸುವವರು ವಿರಳ.