ಗೋದಲಿಯ ಮುಂದೆ ಯಾರ ಡೋಲು?

ಡಿಸೆಂಬರಿನ ರಾತ್ರಿ. ಅಂಗಳದಲ್ಲಿ ಅಡಿಕೆ ಹರಡಿದೆ. ಕಡಬದ ಕಡೆಯ ಒಂದು ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಮಕ್ಕಳು ಹತ್ತಿಯ ಹಿಮ ಅಂಟಿಸಿಕೊಂಡು 'ಜಿಂಗಲ್ ಬೆಲ್ಸ್' ಹಾಡಿದರು. ಚಪ್ಪಾಳೆ ಜೋರಾಗಿಯೇ ಬಿತ್ತು. 1857ರಲ್ಲಿ ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಪ್ರಕಟಿಸಿದ ಈ ಹಾಡಿನಲ್ಲಿ ಏಸು ಇಲ್ಲ, ಮರಿಯಳಿಲ್ಲ, ಕ್ರಿಸ್ಮಸ್ ಹಬ್ಬವೂ ಇಲ್ಲ. ಇರುವುದು ಹಿಮದ ಮೇಲೆ ಕುದುರೆಯ ಜಾರುಗಾಡಿ ಓಡಿಸುವ ಹರೆಯದವರ ಮೋಜು. ಮೋಜು ತಪ್ಪಲ್ಲ. ಆದರೆ ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ಹಬ್ಬಕ್ಕೆ, ಕೊಟ್ಟಿಗೆಯ ವಾಸನೆ ಗೊತ್ತಿರುವ ನಮ್ಮ ಮಕ್ಕಳ ಬಾಯಲ್ಲಿ ಇದೊಂದೇ ಹಾಡು ಯಾಕೆ?

ಪುತ್ತೂರು, ಸುಳ್ಯ, ಕಡಬಗಳಲ್ಲಿ ಕ್ರೈಸ್ತರ ಹಾಡು ಒಂದೇ ಬಾಯಿಂದ ಬರುವುದಲ್ಲ. ಹಳೆಯ ಇಗರ್ಜಿಗಳಲ್ಲಿ ಕೊಂಕಣಿ. ಕೇರಳದಿಂದ ಬಂದು ರಬ್ಬರ್ ಇಟ್ಟವರ ಮನೆಗಳಲ್ಲಿ ಮಲಯಾಳ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಯವರಲ್ಲಿ ಕನ್ನಡ, ತುಳು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಇಲ್ಲಿನ ತೋಟಗಳಲ್ಲಿ ರಬ್ಬರ್ ಹಾಲು ತೆಗೆಯುವವರಲ್ಲಿ ತಮಿಳು. ಇಷ್ಟೊಂದು ನಾಲಗೆಗಳ ನೆಲದಲ್ಲಿ ಇಂಗ್ಲಿಷ್ ಹಿಟ್ ಹಾಡು ಮೇಲು, ತುಳು ಹಾಡು ಅಜ್ಜಿಯಂದಿರದ್ದು ಎಂಬ ಲೆಕ್ಕ ಬೆಳೆದಿದೆ. ಹಾಡಿನಲ್ಲೂ ಮೇಲು ಕೀಳು ಮಾಡಿದರೆ ಅದಕ್ಕೆ ಬೇರೆ ಹೆಸರು ಬೇಕೆ?

ಹಾಗಂತ ಇಂಗ್ಲಿಷನ್ನು ಬಯ್ದರೆ ಕೆಲಸ ಮುಗಿಯಲಿಲ್ಲ. ನಮ್ಮ ಹುಡುಗರು ಮೊಬೈಲಿನಲ್ಲಿ ಕೇಳುವ 'ವೇ ಮೇಕರ್' 2015ರಲ್ಲಿ ನೈಜೀರಿಯಾದ ಸಿನಾಚ್ ಎಂಬ ಹೆಣ್ಣುಮಗಳು ಕೊಟ್ಟ ಹಾಡು. ಕ್ರಿಸ್ಮಸ್ಸಿಗೆ ಹಾಡುವ 'ಗೋ ಟೆಲ್ ಇಟ್ ಆನ್ ದ ಮೌಂಟೆನ್' ಅಮೆರಿಕದ ಕಪ್ಪು ಜನರದ್ದು. ಬೆವರಿನ ಹಾಡು ಯಾವ ಭಾಷೆಯಲ್ಲಿದ್ದರೂ ನಮ್ಮದೇ. ನನ್ನ ತಕರಾರು ಬೇರೆ. 2011ರ 'ಟೆನ್ ಥೌಸಂಡ್ ರೀಸನ್ಸ್' ತರಹದ ಜನಪ್ರಿಯ ಹಾಡುಗಳ ರಾಗ ಸಲೀಸು, ಒಮ್ಮೆ ಕೇಳಿದರೆ ಬಾಯಿಗೆ ಬರುತ್ತದೆ. ಆದರೆ ಅಲ್ಲಿ ಮಾತಾಡುವುದು 'ನಾನು', 'ನನ್ನ ಜೀವ', 'ನನ್ನ ಪ್ರಭು'. ಪಕ್ಕದ ಮನೆಯ ಹಸಿವಿಗೆ ಜಾಗವಿಲ್ಲ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಬಸುರಿ ಮರಿಯ ಹಾಡುವುದು ಗದ್ದುಗೆಯಿಂದ ಉರುಳುವ ದೊರೆಗಳನ್ನು, ಹೊಟ್ಟೆ ತುಂಬುವ ಬಡವರನ್ನು. ಕ್ರಿಸ್ಮಸ್ಸಿನ ಅಸಲು ಬಂಡಾಯದ ಹಾಡು ಅದು. ಯಾವ ಹಾಡಿನ ಸ್ಪರ್ಧೆಯಲ್ಲೂ ನಾನದನ್ನು ಕೇಳಿಲ್ಲ.

ಅದೇ ರಾತ್ರಿ ಒಂದು ಕ್ಯಾರಲ್ ತಂಡದ ಜೊತೆ ನಡೆದೆ. ಡ್ರಮ್ಮು ಬಾರಿಸುತ್ತಿದ್ದ ಹುಡುಗನ ಕೈ ನೋಡುವ ಹಾಗಿತ್ತು. ಇಡೀ ತಂಡವನ್ನು ಅವನೇ ನಡೆಸುತ್ತಿದ್ದ. ಯಾರೋ ವೀಡಿಯೋ ಹಿಡಿದದ್ದೇ ತಡ, ಡ್ರಮ್ಮನ್ನು ಗೆಳೆಯನ ಹೆಗಲಿಗೆ ಹಾಕಿ ಕತ್ತಲೆಗೆ ಸರಿದ. ಆಮೇಲೆ ಕೇಳಿದೆ. 'ಸರ್ಟಿಫಿಕೇಟಿಗೆ ತೊಂದ್ರೆ ಆಗ್ತದೆ ಅಣ್ಣ' ಎಂದ.

ಗೆಳೆಯರೇ, ಇದು ಆ ಹುಡುಗನ ಅಂಜಿಕೆಯಲ್ಲ, 1950ರ ರಾಷ್ಟ್ರಪತಿ ಆದೇಶ. ಪರಿಶಿಷ್ಟ ಜಾತಿಯ ಪಟ್ಟಿಗೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಏಸುವನ್ನು ನಂಬಿದ ದಲಿತ ಇನ್ನೂ ಹೊರಗೆ. ದೇವರು ಬದಲಾದರೆ ಜಾತಿ ಹೋಯಿತು ಅಂತ ಸರ್ಕಾರ ಹೇಳುತ್ತದೆ. ಮದುವೆ ಮಾತುಕತೆ ಶುರುವಾದಾಗ ಹೋಗಿದೆಯೋ ಇಲ್ಲವೋ ಎಂದು ಕ್ರೈಸ್ತ ಮನೆಗಳೇ ಹೇಳಲಿ.

ಹಾಗಾದರೆ ವೇದಿಕೆಗೆ ಡೋಲು, ದುಡಿ ತಂದರೆ ಸಾಕೆ? ಅವಸರ ಬೇಡ. ಕೊರಗರಿಗೆ ಡೋಲು ಬಾರಿಸುವುದು ಕಲೆಯಾಗಿ ಮಾತ್ರ ಇರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು. ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬರಲು 2000ನೇ ಇಸವಿಯೇ ಆಗಬೇಕಾಯಿತು. ಅವಮಾನದ ಡೋಲನ್ನು ಕೆಳಗಿಟ್ಟು ಗಿಟಾರು ಹಿಡಿದವನನ್ನು ನಾವು ದೂರಬಾರದು. ಮದುರೆಯ ದೇವಜ್ಞಾನ ಕಾಲೇಜಿನಲ್ಲಿ ಥಿಯೋಫಿಲಸ್ ಅಪ್ಪಾವು ಪರೈ ವಾದ್ಯವನ್ನು ಆರಾಧನೆಗೆ ತಂದರು. ಊರು ಕೀಳೆಂದ ವಾದ್ಯ ಅಲ್ಲಿ ಚಾಕರಿಯಾಗಿ ಬರಲಿಲ್ಲ, ಹಕ್ಕಾಗಿ ಬಂತು. ವ್ಯತ್ಯಾಸ ಅಲ್ಲಿದೆ.

ಮೇಷ್ಟರೇ, ಈ ಸಲ ಶಾಲೆಯ ಕ್ರಿಸ್ಮಸ್ಸಿಗೆ ಮಕ್ಕಳನ್ನೇ ಕೇಳಿ: ಕೊಟ್ಟಿಗೆಯಲ್ಲಿ ಕೂಸು ಹುಟ್ಟಿದ ರಾತ್ರಿ ನಿಮ್ಮ ಮನೆಯಲ್ಲಾದರೆ ಯಾವ ಹಾಡು ಹಾಡುತ್ತಿದ್ದರು? ತುಳುವೋ, ತಮಿಳೋ, ಬರೆದುಕೊಳ್ಳಿ. ಜಿಂಗಲ್ ಬೆಲ್ಸ್ ಬೇಕಿದ್ದರೆ ಕೊನೆಗೆ ಹಾಡಲಿ. ಆದರೆ ಕತ್ತಲೆಗೆ ಸರಿದ ಆ ಹುಡುಗ ಬೆಳಕಿಗೆ ಬಂದು ಬಾರಿಸುವವರೆಗೆ, ಎಷ್ಟು ದೀಪ ಹಚ್ಚಿದರೂ ನಮ್ಮ ಗೋದಲಿ ಖಾಲಿ.