ಅಂತರಜಾಲ ಸುರಕ್ಷತಾ ಶಾಸನ ಮತ್ತು ಸಣ್ಣ ಚರ್ಚಾಕೂಟಗಳು: ಒಂದು ವಿಮರ್ಶೆ

ಬ್ರಿಟನ್ನಿನ ಆನ್‌ಲೈನ್ ಸುರಕ್ಷತಾ ಕಾಯಿದೆಗೆ 2023ರ ಅಕ್ಟೋಬರ್ 26ರಂದು ರಾಜಾನುಮೋದನೆ ದೊರೆಯಿತು. ಅದರ ಹಿಂದೆ ಇದ್ದುದು ನಿಜವಾದ ಕಣ್ಣೀರು. ಲಂಡನ್ನಿನ ಮಾಲಿ ರಸೆಲ್ ಎಂಬ 14 ವರ್ಷದ ಬಾಲಕಿ 2017ರಲ್ಲಿ ಪ್ರಾಣ ಕಳೆದುಕೊಂಡಳು. ಸಾಮಾಜಿಕ ಜಾಲಗಳಲ್ಲಿ ಆಕೆ ಕಂಡ ಆತ್ಮಹಾನಿಯ ಚಿತ್ರಗಳೂ ಬರಹಗಳೂ ಆ ಸಾವಿಗೆ ಅಲ್ಪವಲ್ಲದ ಕಾರಣವಾದವೆಂದು 2022ರಲ್ಲಿ ಮರಣ ವಿಚಾರಣಾಧಿಕಾರಿಗಳು ನಿರ್ಣಯಿಸಿದರು. ಮಕ್ಕಳ ಮನಸ್ಸನ್ನು ಸೆರೆಹಿಡಿದು ಲಾಭ ಗಳಿಸುವ ಬೃಹತ್ ಸಂಸ್ಥೆಗಳಿಗೆ ಲಗಾಮು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಇಲ್ಲಿ ವಿಮರ್ಶೆಗೆ ಒಳಗಾಗಬೇಕಾದುದು ಆ ಉದ್ದೇಶವಲ್ಲ. ಅದು ಶಾಸನದ ಭಾಷೆಗೆ ಇಳಿದ ಬಗೆ.

ಬ್ರಿಟನ್ನಿನ ಜನರ ನಡುವೆ, ಒಬ್ಬರು ಬರೆದುದನ್ನು ಇನ್ನೊಬ್ಬರು ಕಾಣಬಹುದಾದ ಸೇವೆಗಳೆಲ್ಲವೂ ಸಾಮಾನ್ಯವಾಗಿ ಈ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಕೋಟಿಗಟ್ಟಲೆ ಬಳಕೆದಾರರುಳ್ಳ ಫೇಸ್‌ಬುಕ್ಕೂ ನೂರು ಮಂದಿ ಹವ್ಯಾಸಿಗಳ ಕೂಟವೂ ಒಂದೇ ವ್ಯಾಖ್ಯೆಯೊಳಗೆ ಸೇರಿವೆ. ವಿನಾಯಿತಿಗಳು ಇಲ್ಲವೆಂದಲ್ಲ. ಪತ್ರಿಕೆಯೊಂದು ತಾನೇ ಪ್ರಕಟಿಸಿದ ಲೇಖನದ ಕೆಳಗೆ ಓದುಗರು ಬರೆಯುವ ಅಭಿಪ್ರಾಯಗಳಿಗೆ ವಿನಾಯಿತಿಯುಂಟು. ನಾಲ್ವರು ತೋಟಗಾರರು ತಮ್ಮತಮ್ಮಲ್ಲೇ ಗೊಬ್ಬರದ ವಿಷಯ ಚರ್ಚಿಸುವ ತಾಣಕ್ಕಿಲ್ಲ! ಯಾವುದರಿಂದ ಹೆಚ್ಚು ಕೇಡೆಂಬುದನ್ನು ಓದುಗರೇ ಊಹಿಸಬಹುದು.

ಇಂಥ ಕೂಟಗಳನ್ನು ನಡೆಸುವವರು ಬಹುಮಟ್ಟಿಗೆ ಒಬ್ಬಿಬ್ಬರು. ಸಂಬಳವಿಲ್ಲ, ಜಾಹೀರಾತಿಲ್ಲ, ಖರ್ಚು ಕೈಯಿಂದಲೇ. ಬೇಸಗೆಯಲ್ಲಿ ಅರವಟ್ಟಿಗೆ ಇಟ್ಟವರಂತೆ, ತಮ್ಮ ಸಂತೋಷಕ್ಕಾಗಿ ಮಾಡುವ ಕೆಲಸ. 2025ರ ಮಾರ್ಚ್ 16ರೊಳಗೆ ಇವರೂ ಭಯೋತ್ಪಾದನೆ, ಮಕ್ಕಳ ಲೈಂಗಿಕ ಶೋಷಣೆ, ಮಾದಕ ವಸ್ತು, ವಂಚನೆ ಮೊದಲಾದ 17 ಬಗೆಯ ಅಕ್ರಮ ವಿಷಯಗಳ ಅಪಾಯ ತಮ್ಮ ಕೂಟದಲ್ಲಿ ಎಷ್ಟೆಂದು ಅಳೆದು, ಬರೆದಿಡಬೇಕಾಯಿತು. ತಪ್ಪಿದರೆ ವಿಧಿಸಬಹುದಾದ ಗರಿಷ್ಠ ದಂಡ 1 ಕೋಟಿ 80 ಲಕ್ಷ ಪೌಂಡು, ಅಥವಾ ಜಾಗತಿಕ ಆದಾಯದ ಶೇ. 10, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಆದಾಯವೇ ಇಲ್ಲದವನ ಪಾಲಿಗೂ ಆ ಮಿತಿ ಕೋಟಿಯ ಲೆಕ್ಕದಲ್ಲೇ ಉಳಿಯುತ್ತದೆ.

ಪರಿಣಾಮ ಕಾಣಲು ತಡವಾಗಲಿಲ್ಲ. ಲಂಡನ್ನಿನ ಸೈಕಲ್ ಪ್ರಿಯರ ಹಳೆಯ ಕೂಟವೊಂದನ್ನೂ ಅದರೊಡನೆ ಇದ್ದ ಸುಮಾರು 300 ಸಣ್ಣ ಕೂಟಗಳನ್ನೂ ಮುಚ್ಚುವುದಾಗಿ ಅವುಗಳನ್ನು ನಡೆಸುತ್ತಿದ್ದ ವ್ಯಕ್ತಿ 2024ರ ಡಿಸೆಂಬರಿನಲ್ಲಿ ಘೋಷಿಸಿದರು. ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯನ್ನು ಸಾಕುವವರ ಕೂಟವೂ ಬಾಗಿಲು ಹಾಕಿತು.

ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್‌ನ ಪಕ್ಷವನ್ನೂ ಕೇಳಬೇಕು. ಚಿಕ್ಕದಾದ ಮಾತ್ರಕ್ಕೆ ನಿರುಪದ್ರವಿಯೆನ್ನಲಾಗದು. ಕಾಯಿದೆಯಡಿ ನಿರ್ದಿಷ್ಟ ಸೇವೆಯೊಂದರ ಮೇಲೆ ಆ ಸಂಸ್ಥೆ ಕೈಗೊಂಡ ಮೊದಲ ತನಿಖೆ, 2025ರ ಏಪ್ರಿಲ್ ತಿಂಗಳದು, ಆತ್ಮಹತ್ಯೆಯ ಚರ್ಚೆಗೆಂದೇ ಇದ್ದ ಒಂದು ಕೂಟವನ್ನು ಕುರಿತದ್ದು. ಗಾತ್ರವೊಂದನ್ನೇ ನೋಡಿ ವಿನಾಯಿತಿ ಕೊಟ್ಟಿದ್ದರೆ ಅದು ನುಣುಚಿಕೊಳ್ಳುತ್ತಿತ್ತು. ಈ ವಾದ ತೂಕವುಳ್ಳದ್ದು. ಕ್ರಮಗಳು ಕೂಟದ ಗಾತ್ರಕ್ಕೂ ಶಕ್ತಿಗೂ ಅನುಗುಣವಾಗಿದ್ದರೆ ಸಾಕೆಂಬ ಮಾತೂ ಕಾಯಿದೆಯಲ್ಲಿದೆ.

ಆದರೆ ‘ಅನುಗುಣ’ವೆಂದರೆ ಎಷ್ಟು? ದೊಡ್ಡ ಸಂಸ್ಥೆ ಈ ಪ್ರಶ್ನೆಯನ್ನು ತನ್ನ ವಕೀಲರ ಮುಂದಿಡುತ್ತದೆ. ರಾತ್ರಿ ಊಟವಾದ ಮೇಲೆ ಕೂಟದ ಕೆಲಸಕ್ಕೆ ಕೂರುವ ಗೃಹಸ್ಥ ಯಾರ ಮುಂದಿಡಬೇಕು? ಸಂಸ್ಥೆಯೆಂಬ ಮರೆಯಿಲ್ಲದ ಕಾರಣ ಹೊಣೆ ಅವನ ಮನೆಮಠದ ಮೇಲೆಯೇ ಬೀಳಬಹುದು. ಅಷ್ಟು ದೊಡ್ಡ ದಂಡವನ್ನು ಅವನಿಗೆ ಯಾರೂ ವಿಧಿಸಲಾರರೆಂಬುದು ಸರಿಯಿರಬಹುದು. ಆದರೂ ದಂಡಕ್ಕಿಂತ ದಂಡದ ಭಯವೇ ಮೊದಲು ಕೆಲಸ ಮಾಡುತ್ತದೆ. ಅದು ದುಷ್ಟರಿಗಿಂತ ಮೊದಲು ತಾಗುವುದು ಸಂಕೋಚವುಳ್ಳ ಪ್ರಾಮಾಣಿಕರಿಗೆ. ಕೂಟದಲ್ಲಿ ಒರಟು ಮಾತು ಕಂಡೊಡನೆ ಅಳಿಸುತ್ತಿದ್ದವನೂ, ಜಗಳವಾಡಿದ ಸದಸ್ಯರನ್ನು ಹೆಸರು ಹಿಡಿದು ಸಮಾಧಾನಪಡಿಸುತ್ತಿದ್ದವನೂ ಅವನೇ. ಆ ನಿತ್ಯದ ಎಚ್ಚರವೇ ಅಲ್ಲಿಯ ಸುರಕ್ಷತೆಯಾಗಿತ್ತು. ಅದನ್ನು ಶಾಸನ ಕಾಗದದಲ್ಲಿ ಕೇಳಿತು.

ಇಲ್ಲಿಂದ ಹೊರಬಿದ್ದವರು ಎಲ್ಲಿಗೆ ಹೋಗಬೇಕು? ಹ್ಯಾಮ್‌ಸ್ಟರ್ ಸಾಕುವವರಾಗಲಿ, ಸೈಕಲ್ ತುಳಿಯುವವರಾಗಲಿ ಮಾತು ನಿಲ್ಲಿಸುವವರಲ್ಲ. ಯಾವ ಬೃಹತ್ ಜಾಲಗಳನ್ನು ಹದ್ದಿನಲ್ಲಿಡಲು ಕಾಯಿದೆ ಹುಟ್ಟಿತೋ ಆ ಜಾಲಗಳೇ ಅವರಿಗೆ ಸಮೀಪದ ಆಸರೆ.

ವಾಣಿಜ್ಯೋದ್ದೇಶವಿಲ್ಲದ, ಅಪಾಯ ಕಡಿಮೆಯಿರುವ ಕೂಟಗಳಿಗೆ ಮುಂಗಡ ದಾಖಲೆಯ ಬದಲು ಒಂದೇ ಹೊಣೆ ಸಾಕಿತ್ತು: ಅಕ್ರಮವೆಂದು ತಿಳಿದುಬಂದೊಡನೆ ಅದನ್ನು ತೆಗೆಯುವುದು, ತೆಗೆಯದಿದ್ದರೆ ದಂಡ ತೆರುವುದು. ಇದಕ್ಕೆ ಹೊಸ ಶಾಸನವೇನೂ ಬೇಕಿಲ್ಲ. ಹಾನಿಯ ಸಂಭವ ಅಲ್ಪವೆಂದು ಕಂಡುಬಂದ ಬಗೆಯ ಸೇವೆಗಳನ್ನು ನಿಯಮಾವಳಿಯ ಮೂಲಕ ಹೊರಗಿಡುವ ಅಧಿಕಾರವನ್ನು 2023ರ ಕಾಯಿದೆಯೇ ಸಚಿವರಿಗೆ ಕೊಟ್ಟಿದೆ.