ಯೇಸುವಿನ ಸಾಮ್ಯಗಳಲ್ಲಿ ಗೃಹಜೀವನ

೧

ಕ್ರೈಸ್ತಮತದ ಉಪದೇಶ ಸಾಹಿತ್ಯದಲ್ಲಿ ಗೃಹಜೀವನಕ್ಕೆ ಸಂದಿರುವ ಸ್ಥಾನವು ಸುವಿದಿತವಾದುದು. ದೇವರನ್ನು ತಂದೆಯೆಂದೂ ಭಕ್ತರನ್ನು ಒಡಹುಟ್ಟಿದವರೆಂದೂ ಕರೆಯುವ ಆ ಮತದಲ್ಲಿ ಹೆಂಗಸು ಹಿಟ್ಟು ನಾದುವುದು, ದೀಪ ಹಚ್ಚಿ ಮನೆ ಗುಡಿಸುವುದು, ಮಗು ತಂದೆಯನ್ನು ತಿನ್ನಲು ಕೇಳುವುದು, ಅಣ್ಣನು ತಮ್ಮನ ಮೇಲೆ ಮುನಿಯುವುದು ಇವೆಲ್ಲವೂ ವಿಶ್ವಾಸದ ಪಾಠಗಳಾಗಿ ಪರಿಣಮಿಸಿವೆ. ಇಂತಹ ಪಾಠಗಳು ಬಹು ಸುಲಭವೆಂದು ಸಾಮಾನ್ಯರ ಅಭಿಪ್ರಾಯ. ಮನೆಯ ಮಾತು ಎಲ್ಲರೂ ಬಲ್ಲದ್ದು. ಬಲ್ಲದ್ದನ್ನು ಹಿಡಿದು ಅರಿಯದುದನ್ನು ತೋರಿಸುವುದೇ ಗುರುವಿನ ಜಾಣ್ಮೆ. ಅದಕ್ಕಿಂತ ಹೆಚ್ಚಿನ ರಹಸ್ಯವೇನೂ ಅಲ್ಲಿಲ್ಲವೆಂದು ಅವರು ಭಾವಿಸುತ್ತಾರೆ. ಶಾಲೆಗಳಲ್ಲಿಯೂ ದೇವಾಲಯಗಳಲ್ಲಿಯೂ ಈ ಕಥೆಗಳನ್ನು ನೀತಿಕಥೆಗಳ ಸಾಲಿನಲ್ಲಿ ಇರಿಸಿ ಓದಿಸುವ ವಾಡಿಕೆಗೆ ಈ ಭಾವನೆಯೇ ಆಧಾರ.

ಆದರೆ ಸುವಾರ್ತೆಗಳ ಮೂಲಕಥೆಗಳನ್ನು ಸಾವಧಾನವಾಗಿ ಪರಿಶೀಲಿಸಿದರೆ ಈ ಅಭಿಪ್ರಾಯವು ನಿಲ್ಲುವುದಿಲ್ಲ. ಅವುಗಳಲ್ಲಿ ಮನೆಯು ಕಾಣುತ್ತದೆ, ನಿಜ. ಆದರೆ ನೆಮ್ಮದಿಯಿಂದಿರುವ ಮನೆಯು ಕಾಣುವುದು ಅಪರೂಪ. ಎಲ್ಲಿ ಅಳತೆ ಮೀರುತ್ತದೆಯೋ, ಎಲ್ಲಿ ಮರ್ಯಾದೆಯು ಮುರಿಯುತ್ತದೆಯೋ, ಎಲ್ಲಿ ಬಾಗಿಲು ತೆರೆಯಬಾರದ ಹೊತ್ತಿನಲ್ಲಿ ತೆರೆಯುತ್ತದೆಯೋ ಅಲ್ಲಿಯೇ ಪಾಠವು ಹುಟ್ಟುತ್ತದೆ. ಈ ಅಂಶವನ್ನು ಮರೆತ ಉಪದೇಶ ಸಾಹಿತ್ಯವು ಏನನ್ನು ಕಳೆದುಕೊಂಡಿತೆಂಬುದನ್ನು ವಿಚಾರಿಸುವುದು ಸಾಹಿತ್ಯವಿಮರ್ಶೆಗೆ ಸಲ್ಲುವ ಕಾರ್ಯವೇ ಆಗಿದೆ.

೨

ಮೊದಲು ಹೆಸರನ್ನು ಕುರಿತು ಒಂದು ಮಾತು. ಕನ್ನಡ ಸತ್ಯವೇದದಲ್ಲಿ ಈ ಕಥೆಗಳಿಗೆ 'ಸಾಮ್ಯ' ಎಂಬ ಹೆಸರು ರೂಢವಾಗಿದೆ. ಗ್ರೀಕಿನ 'ಪರಬೊಲೆ' ಎಂಬ ಶಬ್ದಕ್ಕೆ ಒಂದರ ಪಕ್ಕದಲ್ಲಿ ಮತ್ತೊಂದನ್ನು ಇಡುವುದೆಂದು ಅರ್ಥ. ಅದರ ಹಿಂದಿರುವ ಇಬ್ರಿಯ 'ಮಾಷಾಲ್' ಇನ್ನೂ ವಿಶಾಲವಾದುದು; ಗಾದೆ, ಒಗಟು, ದೃಷ್ಟಾಂತ ಇವೆಲ್ಲವೂ ಅದರಲ್ಲಿ ಅಡಗಿವೆ. 'ಸಾಮ್ಯ'ವೆಂದೊಡನೆ ಅಲಂಕಾರಶಾಸ್ತ್ರವನ್ನು ಬಲ್ಲವನ ಮನಸ್ಸು ಉಪಮಾನ, ಉಪಮೇಯ, ಸಾಧಾರಣಧರ್ಮ ಎಂಬ ವಿಭಾಗದ ಕಡೆಗೆ ಹರಿಯುತ್ತದೆ. ಇದಕ್ಕೆ ಅದು ಸಮ, ಅದಕ್ಕೆ ಇದು ಸಮ ಎಂದು ಅಂಗಾಂಗಗಳನ್ನು ಜೋಡಿಸತೊಡಗುತ್ತದೆ. ಒಗಟಿನ ಅಂಶವಾದರೋ ಕೈಬಿಟ್ಟುಹೋಗುತ್ತದೆ.

ಈ ಜೋಡಣೆಯ ಚಪಲವು ಕನ್ನಡದ ಹೆಸರಿನಿಂದ ಮಾತ್ರ ಬಂದುದಲ್ಲ. ಕ್ರಿ.ಶ. ೨೦೦ರ ಸುಮಾರಿನ ತೆರ್ತುಲಿಯನನು ಮನೆಗೆ ಮರಳಿದ ಮಗನ ಉಂಗುರದಲ್ಲಿ ದೀಕ್ಷಾಸ್ನಾನದ ಮುದ್ರೆಯನ್ನು ಕಂಡನು. ಅಗಸ್ತೀನನು ಸಮಾರ್ಯದವನ ಕಥೆಯ ಛತ್ರವನ್ನು ಸಭೆಯೆಂದೂ ಛತ್ರದವನನ್ನು ಪೌಲನೆಂದೂ ವ್ಯಾಖ್ಯಾನಿಸಿದನು. ೧೮೯೯ರಲ್ಲಿ ಪೂರ್ಣವಾಗಿ ಹೊರಬಂದ ತನ್ನ ಗ್ರಂಥದಲ್ಲಿ ಜರ್ಮನಿಯ ಆಡೋಲ್ಫ್ ಯೂಲಿಖರನು ಈ ಪದ್ಧತಿಯನ್ನು ಖಂಡಿಸಿ, ಒಂದು ಸಾಮ್ಯಕ್ಕೆ ಒಂದೇ ತಾತ್ಪರ್ಯವೆಂದು ಸಾಧಿಸಿದನು. ಆದರೆ ಅವನ ಕೈಯಲ್ಲಿ ಆ ತಾತ್ಪರ್ಯವು ಬಹುಮಟ್ಟಿಗೆ ಸರ್ವಸಾಮಾನ್ಯವಾದ ನೀತಿವಾಕ್ಯವಾಗಿ ಉಳಿಯಿತು. ೧೯೩೫ರಲ್ಲಿ ಸಿ. ಎಚ್. ಡಾಡ್, ೧೯೪೭ರಲ್ಲಿ ಯೊವಾಖಿಮ್ ಯೆರೆಮಿಯಾಸ್ ಇವರು ಕಥೆಗಳನ್ನು ಹೇಳಿದ ಸಂದರ್ಭಕ್ಕೆ ಮರಳಿಸಿದ ಮೇಲೆ ಅವುಗಳ ಹರಿತವು ಮತ್ತೆ ಕಂಡುಬಂದಿತು. ಹಳೆಯ ರೂಪಕವ್ಯಾಖ್ಯಾನವು ಮನೆಯನ್ನು ಸಂಕೇತಗಳ ಪೆಟ್ಟಿಗೆಯಾಗಿ ಮಾಡಿತು. ನೀತಿವ್ಯಾಖ್ಯಾನವು ಅದನ್ನು ಪಾಠದ ಹೊದಿಕೆಯಾಗಿ ಮಾಡಿತು. ಎರಡರಲ್ಲಿಯೂ ಮನೆಯು ಮನೆಯಾಗಿ ಉಳಿಯಲಿಲ್ಲ.

೩

ಹುಳಿಹಿಟ್ಟಿನ ಸಾಮ್ಯವನ್ನು (ಮತ್ತಾಯ ೧೩: ೩೩) ತೆಗೆದುಕೊಳ್ಳಬಹುದು. ಇದು ಒಂದೇ ವಾಕ್ಯದ ಕಥೆ. ಹೆಂಗಸೊಬ್ಬಳು ಹುಳಿಯನ್ನು ಹಿಟ್ಟಿನಲ್ಲಿ ಸೇರಿಸುತ್ತಾಳೆ, ಹಿಟ್ಟೆಲ್ಲ ಹುಳಿಯಾಗುತ್ತದೆ. ಸಣ್ಣದರಿಂದ ದೊಡ್ಡದಾಗುವುದೆಂಬ ಪಾಠವನ್ನು ಬಾಲಕನೂ ಹೇಳಬಲ್ಲನು. ಆದರೆ ಹಿಟ್ಟಿನ ಅಳತೆಯು ಮೂರು 'ಸಾತ', ಎಂದರೆ ಈಗಿನ ಲೆಕ್ಕದಲ್ಲಿ ಸುಮಾರು ೪೦ ಲೀಟರು. ಒಂದು ಸಂಸಾರದ ಒಂದು ದಿನದ ಅಡುಗೆಗೆ ಇಷ್ಟು ಹಿಟ್ಟನ್ನು ಯಾವ ಗೃಹಿಣಿಯೂ ನಾದಳು. ಇದು ನೂರು ಜನರ ಔತಣಕ್ಕಾಗುವ ಹಿಟ್ಟು. ಮೇಲಾಗಿ ಮೂಲದ ಕ್ರಿಯಾಪದಕ್ಕೆ ಬೆರೆಸಿದಳೆಂಬುದಕ್ಕಿಂತ ಬಚ್ಚಿಟ್ಟಳೆಂಬ ಅರ್ಥವೇ ಮುಖ್ಯ. ಹುಳಿಯಾದರೋ ಯೆಹೂದ್ಯರ ಪಸ್ಕದ ಹಬ್ಬದಲ್ಲಿ ಮನೆಯಿಂದ ಹೊರಹಾಕಬೇಕಾದ ವಸ್ತು. ಸುವಾರ್ತೆಗಳಲ್ಲಿಯೇ ಬೇರೆ ಕಡೆ ಕೆಟ್ಟ ಉಪದೇಶಕ್ಕೆ ಉಪಮಾನ. ಹೀಗೆ ಮನೆಯಿಂದ ಹೊರಗಿರಬೇಕಾದುದನ್ನು ಮನೆಯವಳೇ ಗುಟ್ಟಾಗಿ ಅಡಗಿಸಿಡುತ್ತಾಳೆ. ಅದರಿಂದ ಮನೆಯ ಅಳವನ್ನು ಮೀರಿದ ಅನ್ನವು ಸಿದ್ಧವಾಗುತ್ತದೆ. ದೇವರ ರಾಜ್ಯವು ಹೀಗಿದೆಯೆಂದು ಕೇಳಿದ ಯೆಹೂದ್ಯ ಶ್ರೋತೃವು ತಲೆದೂಗುವುದಕ್ಕೆ ಮೊದಲು ಬೆಚ್ಚಿರಬೇಕು.

ಮನೆಯ ಅಳತೆಯು ಮೀರುವಲ್ಲಿ ಧರ್ಮದ ಮಾತು ಹುಟ್ಟುವುದು ಕನ್ನಡ ವಾಚಕರಿಗೆ ಹೊಸತಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದುಬರುವಂತೆ ಹೇಳಿದ ಕಥೆಯು ಪ್ರಸಿದ್ಧವಾಗಿದೆ. ಅಲ್ಲಿ ಹೆಚ್ಚಿನದು ದೋಷ, ಇಲ್ಲಿ ಹೆಚ್ಚಿನದು ಕೃಪೆ. ತಾತ್ಪರ್ಯಗಳು ಪರಸ್ಪರ ವಿರುದ್ಧ. ಆದರೂ ಎರಡು ಕಡೆಯೂ ಮನೆಯಾಕೆಯ ಅಳತೆಯೇ ಕಥೆಯ ಕೀಲು. ಆ ಅಳತೆಯನ್ನು ಗಮನಿಸದವನಿಗೆ ಕಥೆಯು ತೆರೆಯುವುದಿಲ್ಲ.

ನಡುರಾತ್ರಿಯ ಸ್ನೇಹಿತನ ಕಥೆಯೂ (ಲೂಕ ೧೧: ೫-೮) ಇಂತಹುದೇ. ಬಾಗಿಲು ಹಾಕಿದೆ, ಮಕ್ಕಳು ತಂದೆಯ ಜೊತೆಯಲ್ಲಿ ಮಲಗಿದ್ದಾರೆ, ಅವನು ಎದ್ದರೆ ಮಕ್ಕಳೂ ಎದ್ದಾರೆಂಬುದು ಬಡವರ ಒಂದೇ ಕೋಣೆಯ ಮನೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಹೊರಗೆ ನಿಂತವನು ಮೂರು ರೊಟ್ಟಿಗಾಗಿ ನಾಚಿಕೆ ಬಿಟ್ಟು ಕೇಳುತ್ತಾನೆ. ಒಳಗಿನವನು ಕೊನೆಗೆ ಕೊಡುತ್ತಾನೆ; ಆದರೆ ಸ್ನೇಹಕ್ಕಾಗಿ ಕೊಡುವುದಿಲ್ಲವೆಂದು ಕಥೆಯೇ ಒಪ್ಪಿಕೊಳ್ಳುತ್ತದೆ. ಇಲ್ಲಿ ಅಂಗಾಂಗಗಳನ್ನು ಜೋಡಿಸಿದರೆ ದೇವರು ಎದ್ದುಬರಲು ಬೇಸರಪಡುವ ನೆರೆಯವನಾಗುತ್ತಾನೆ! ಇದರ ಬೆನ್ನಿಗೇ ಬರುವ, ಮೀನು ಕೇಳಿದ ಮಗನಿಗೆ ಹಾವನ್ನು ಕೊಡದ ತಂದೆಯ ಮಾತಿನಲ್ಲಿ ಈ ತರ್ಕವು ಸ್ಪಷ್ಟವಾಗುತ್ತದೆ. ಕೆಟ್ಟವರಾದ ಮನುಷ್ಯರೇ ಮಕ್ಕಳಿಗೆ ಒಳ್ಳೆಯದನ್ನು ಕೊಡಬಲ್ಲರಾದರೆ ದೇವರ ವಿಷಯದಲ್ಲಿ ಹೇಳತಕ್ಕುದೇನು? ನಮ್ಮ ಶಾಸ್ತ್ರಕಾರರು ಇದನ್ನು ಕೈಮುತಿಕನ್ಯಾಯವೆಂದು ಕರೆಯುವರು. ಈ ನ್ಯಾಯಕ್ಕೆ ಸಾದೃಶ್ಯವೆಷ್ಟು ಮುಖ್ಯವೋ ಅಂತರವೂ ಅಷ್ಟೇ ಮುಖ್ಯ. ಮನೆಯ ತಂದೆಯು ದೇವರ ಪ್ರತಿಬಿಂಬವೆಂದು ಈ ವಾಕ್ಯವು ಹೇಳುವುದಿಲ್ಲ. ಅವನ ಕೊರತೆಯನ್ನು ಒಪ್ಪಿಕೊಂಡೇ ಅವನನ್ನು ಸಾಕ್ಷಿಯಾಗಿ ಕರೆಯುತ್ತದೆ.

೪

ಗೃಹಜೀವನದ ಸಾಮ್ಯಗಳಲ್ಲಿ ಅತ್ಯಂತ ಪೂರ್ಣವಾದುದು ಇಬ್ಬರು ಮಕ್ಕಳ ತಂದೆಯ ಕಥೆ (ಲೂಕ ೧೫: ೧೧-೩೨). ತಪ್ಪಿಹೋದ ಮಗನ ಕಥೆಯೆಂದೇ ಇದಕ್ಕೆ ಪ್ರಸಿದ್ಧಿ. ಆ ಹೆಸರಿನಿಂದಲೇ ಅರ್ಧ ಕಥೆಯು ಮರೆಯಾಗಿದೆ.

ಕಥೆಯ ಮೊದಲ ಮಾತೇ ಕನ್ನಡ ವಾಚಕನಿಗೆ ಒಂದು ತೊಡಕನ್ನು ಒಡ್ಡುತ್ತದೆ. ಕಿರಿಯ ಮಗನು ತಂದೆಯು ಬದುಕಿರುವಾಗಲೇ ತನ್ನ ಪಾಲನ್ನು ಕೇಳುತ್ತಾನೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯ ಪ್ರಕಾರ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು. ತಂದೆಯು ಇರುವಾಗಲೇ ವಿಭಾಗವನ್ನು ಕೇಳುವುದು ಅಪ್ರಿಯವಾಗಬಹುದು, ಅನ್ಯಾಯವಲ್ಲ. ಈ ಸಂಪ್ರದಾಯದಲ್ಲಿ ಬೆಳೆದವನಿಗೆ ಕಿರಿಯನ ದೋಷವು ದುಂದುಗಾರಿಕೆಯಿಂದ ಆರಂಭವಾದಂತೆ ತೋರುತ್ತದೆ. ಯೆಹೂದ್ಯರಲ್ಲಿ ಹಾಗಲ್ಲ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಹಿರಿಯನಿಗೆ ಎರಡು ಪಾಲು, ಆದುದರಿಂದ ಇಬ್ಬರಿರುವಲ್ಲಿ ಕಿರಿಯನಿಗೆ ಮೂರನೆಯ ಒಂದು ಪಾಲು. ಅದು ಕೈಸೇರುವುದು ತಂದೆಯ ಮರಣದ ಮೇಲೆ. ಬದುಕಿರುವಾಗ ಆಸ್ತಿಯನ್ನು ಮಕ್ಕಳಿಗೆ ಒಪ್ಪಿಸಬಾರದೆಂದು ಸಿರಾಖನ ಪುತ್ರನ ಜ್ಞಾನಗ್ರಂಥವು ತಂದೆಯರಿಗೆ ಎಚ್ಚರಿಕೆ ಕೊಟ್ಟಿದೆ. ಹೀಗಿರಲಾಗಿ ಪಾಲು ಕೇಳಿದುದೇ ಮೊದಲನೆಯ ಗಾಯ. ಕೇಳಿದೊಡನೆ ಕೊಟ್ಟುದು ತಂದೆಯ ಮೊದಲನೆಯ ಆಶ್ಚರ್ಯಕರ ಕಾರ್ಯ.

ಮುಂದಿನ ಭಾಗವು ಎಲ್ಲರಿಗೂ ತಿಳಿದುದು. ಮಗನು ಹಸಿವಿನಿಂದ ಮರಳುತ್ತಾನೆ. ಕೂಲಿಯವನಾಗಿ ಇರಿಸಿಕೊಳ್ಳಬೇಕೆಂದು ಬೇಡುವ ಮಾತುಗಳನ್ನು ದಾರಿಗೆ ಮುಂಚೆಯೇ ಹೊಂದಿಸಿಕೊಂಡಿದ್ದಾನೆ. ತಂದೆಯು ಓಡಿ ಬರುತ್ತಾನೆ. ವೃದ್ಧನಾದ ಯಜಮಾನನು ಹಾದಿಯಲ್ಲಿ ಓಡುವುದು ಆ ದೇಶದಲ್ಲಿ ಘನತೆಗೆ ಕುಂದು. ಹೊಂದಿಸಿಕೊಂಡ ಮಾತುಗಳಲ್ಲಿ ಕೂಲಿಯ ಮಾತು ಬಾಯಿಂದ ಹೊರಡುವುದಕ್ಕೆ ಮೊದಲೇ ನಿಲುವಂಗಿ, ಉಂಗುರ, ಜೋಡು ಇವು ಬರುತ್ತವೆ. ಪಶ್ಚಾತ್ತಾಪದ ಪ್ರಮಾಣಕ್ಕೆ ತಕ್ಕಂತೆ ಕ್ಷಮೆಯು ದೊರಕಿತೆಂದು ಹೇಳಲು ಕಥೆಯು ಎಡೆಗೊಡುವುದಿಲ್ಲ.

ಹಿರಿಯನ ವಿಷಯವಾದರೋ ಇನ್ನೂ ಸೂಕ್ಷ್ಮವಾಗಿದೆ. ತಂದೆಯು ಆಸ್ತಿಯನ್ನು ಇಬ್ಬರಿಗೂ ಹಂಚಿದನೆಂದು ಕಥೆಯ ಆರಂಭದಲ್ಲಿ ಹೇಳಿದೆ. ಆದಕಾರಣ ಈಗ ಮನೆಯಲ್ಲಿ ಉಳಿದಿರುವುದೆಲ್ಲ ಮುಂದೆ ಹಿರಿಯನಿಗೆ ಸೇರತಕ್ಕದ್ದು. ತಮ್ಮನಿಗಾಗಿ ಕೊಯ್ದ ಕೊಬ್ಬಿದ ಕರುವೂ ಅವನ ಪಾಲಿನದೇ. ಅವನ ಅಸಮಾಧಾನವು ಬರಿಯ ಹೊಟ್ಟೆಕಿಚ್ಚಲ್ಲ, ಲೆಕ್ಕಕ್ಕೆ ಸರಿಯಾದ ಅಸಮಾಧಾನ. ಈ ಲೆಕ್ಕವನ್ನು ಕಥೆಯು ಅಲ್ಲಗಳೆಯುವುದಿಲ್ಲ. ಇರುವುದೆಲ್ಲ ನಿನ್ನದೇ ಎಂದು ತಂದೆಯ ಬಾಯಿಂದಲೇ ಒಪ್ಪಿಸುತ್ತದೆ. ದೋಷವು ಅವನ ಮಾತಿನಲ್ಲಿ ಹೊರಬೀಳುತ್ತದೆ. ಕಿರಿಯನು ಹಸಿವಿನಲ್ಲಿಯೂ ಅಪ್ಪಾ ಎಂದು ಸಂಬೋಧಿಸಿದನು; ಹಿರಿಯನ ಮಾತಿನಲ್ಲಿ ಆ ಸಂಬೋಧನೆಯೇ ಇಲ್ಲ. ತನ್ನ ಇಷ್ಟು ವರ್ಷಗಳ ಸೇವೆಗೆ ಅವನು ಉಪಯೋಗಿಸುವ ಕ್ರಿಯಾಪದವು ಗುಲಾಮನ ದುಡಿಮೆಯನ್ನು ಸೂಚಿಸುವಂಥದು. ಬಂದವನನ್ನು ತಮ್ಮನೆನ್ನದೆ ನಿನ್ನ ಮಗನೆನ್ನುತ್ತಾನೆ. ತಂದೆಯು ಉತ್ತರದಲ್ಲಿ ಅವನನ್ನು ನಿನ್ನ ತಮ್ಮನೆಂದು ಕರೆದು ಸಂಬಂಧವನ್ನು ಹಿಂದಕ್ಕೆ ಕೊಡುತ್ತಾನೆ. ಹೀಗೆ ಮನೆಯನ್ನು ಬಿಟ್ಟುಹೋದವನು ಮಗನಾಗಿಯೂ, ಮನೆಯಲ್ಲೇ ಉಳಿದವನು ಆಳಾಗಿಯೂ ಕಾಣಿಸುತ್ತಾರೆ. ಒಂದೆರಡು ಸರ್ವನಾಮಗಳಲ್ಲಿ ಇಷ್ಟನ್ನು ಸಾಧಿಸಿರುವುದು ಕಥನಕಲೆಯ ದೊಡ್ಡ ಸಿದ್ಧಿ.

ಹಿರಿಯನು ಒಳಗೆ ಹೋದನೇ? ಕಥೆಯು ಹೇಳುವುದಿಲ್ಲ. ಪಾಪಿಗಳೊಡನೆ ಉಣ್ಣುತ್ತಾನೆಂದು ಯೇಸುವನ್ನು ಕುರಿತು ಗೊಣಗಿದ ಫರಿಸಾಯರೂ ಶಾಸ್ತ್ರಿಗಳೂ ಎದುರಿಗಿದ್ದಾರೆ. ಬಾಗಿಲ ಹೊರಗೆ ನಿಂತವರು ಅವರೇ. ಉತ್ತರವನ್ನು ಕೊಡಬೇಕಾದವರು ಶ್ರೋತೃಗಳಾದುದರಿಂದ ಕಥೆಯು ಅಲ್ಲಿಗೇ ನಿಂತಿದೆ. ಆನಂದವರ್ಧನನ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಪ್ರಧಾನಾರ್ಥವು ವಾಚ್ಯವಲ್ಲ, ಧ್ವನಿತ. ಅದನ್ನು ವಾಚ್ಯವಾಗಿ ಮಾಡಿದೊಡನೆ ಕಥೆಯು ಬಡವಾಗುತ್ತದೆ.

೫

ಈ ಸಾಮ್ಯಗಳ ಜೊತೆಯಲ್ಲಿಯೇ, ತಾಯಿಯೂ ಸಹೋದರರೂ ಹೊರಗೆ ಕರೆಯುತ್ತಿರಲು ದೇವರ ಚಿತ್ತವನ್ನು ನಡಿಸುವವರೇ ತನ್ನ ತಾಯಿ ಸಹೋದರರೆಂದು ಯೇಸು ಉತ್ತರ ಕೊಟ್ಟ ಪ್ರಸಂಗವೂ (ಮಾರ್ಕ ೩: ೩೧-೩೫) ಇದೆಯೆಂಬುದನ್ನು ಮರೆಯಬಾರದು. ಕುಟುಂಬವು ದೇವರನ್ನು ಅರಿಯಲು ಭಾಷೆಯನ್ನು ಒದಗಿಸುತ್ತದೆ. ದೇವರ ಸ್ಥಾನವನ್ನು ಪಡೆಯುವುದಿಲ್ಲ.

ಮಾರ್ಟಿನ್ ಲೂಥರನು ೧೫೨೫ರಲ್ಲಿ ಕಥರೀನಾ ಫಾನ್ ಬೋರಳನ್ನು ವಿವಾಹವಾದ ಮೇಲೆ ಪಾದ್ರಿಯ ಮನೆಯೆಂಬುದು ಜರ್ಮನಿಯಲ್ಲಿ ಹೊಸದೊಂದು ಧರ್ಮಪಾಠಶಾಲೆಯಾಯಿತು. ೧೫೨೯ರ ಅವನ ಚಿಕ್ಕ ಪ್ರಶ್ನೋತ್ತರ ಗ್ರಂಥವನ್ನು ಮನೆಯ ಯಜಮಾನನು ಮನೆಯವರಿಗೆ ಕಲಿಸಬೇಕೆಂದು ವಿಧಿಸಿದೆ. ಅದಕ್ಕೂ ಹಿಂದೆ, ೧೫೨೨ರ ವಿವಾಹವಿಷಯಕ ಪ್ರಬಂಧದಲ್ಲಿ, ಮಗುವಿನ ಬಟ್ಟೆಯನ್ನು ಒಗೆಯುವ ತಂದೆಯನ್ನು ಕಂಡು ಲೋಕವು ನಕ್ಕರೂ ದೇವರು ಮೆಚ್ಚುತ್ತಾನೆಂದು ಅವನು ಬರೆದಿದ್ದನು. ಇಲ್ಲಿಯೂ ಪಾಠವು ಮರ್ಯಾದೆ ತಲೆಕೆಳಗಾಗುವ ಎಡೆಯಲ್ಲಿಯೇ ಇದೆ. ಆದರೆ ಲೂಥರನ ಮನೆಮಾತುಗಳಲ್ಲಿ ಅತ್ಯಂತ ಸತ್ಯವಾದುದು ೧೫೪೨ರಲ್ಲಿ ಹದಿಮೂರು ವರ್ಷದ ಮಗಳು ಮಗ್ದಲೇನಳು ತೀರಿಕೊಂಡಾಗಿನದು. ಅವನ ಮೇಜಿನ ಸಂಭಾಷಣೆಗಳ ಸಂಗ್ರಹವು ೧೫೬೬ರಲ್ಲಿ ಅಚ್ಚಾಯಿತು. ಮಗಳು ಸುಖವಾಗಿರುವಳೆಂದು ಆತ್ಮವು ಹರ್ಷಿಸಿದರೂ ಶರೀರವು ದುಃಖಿಸುವುದನ್ನು ಬಿಡದೆಂದು ಅವನು ಒಪ್ಪಿಕೊಂಡುದು ಆ ಪರಂಪರೆಯಲ್ಲಿ ಉಳಿದುಬಂದಿದೆ. ಪಾಠವು ಅವನಿಗೆ ಗೊತ್ತಿತ್ತು. ಮನೆಯು ಅದಕ್ಕೆ ಪೂರ್ತಿಯಾಗಿ ಮಣಿಯಲಿಲ್ಲ. ಮಣಿಯದುದನ್ನು ಅವನು ಮರೆಮಾಡಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಮಿಷನರಿ ಕಥೆಗಳಲ್ಲಿ ಈ ಎದುರಾಟವು ಕ್ಷೀಣಿಸಿತು. ಹನ್ನಾ ಕ್ಯಾಥರೀನ್ ಮುಲೆನ್ಸ್ ೧೮೫೨ರಲ್ಲಿ ಬಂಗಾಳಿಯಲ್ಲಿ ಪ್ರಕಟಿಸಿದ ಫುಲ್ಮಣಿ ಮತ್ತು ಕರುಣೆಯರ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ. ಭಾರತೀಯ ಭಾಷೆಗಳ ಗದ್ಯಕಥನದ ಚರಿತ್ರೆಯಲ್ಲಿ ಆ ಪುಸ್ತಕದ ಸ್ಥಾನವು ಗೌರವದ್ದು; ಬಡ ಕ್ರೈಸ್ತ ಹೆಂಗಸರ ದಿನಚರಿಯನ್ನು ಕಥೆಗೆ ವಸ್ತುವಾಗಿ ಮಾಡಿದುದು ಸಣ್ಣ ಸಾಹಸವಲ್ಲ. ಆದರೆ ಅಲ್ಲಿ ಎರಡು ಮನೆಗಳು ತಕ್ಕಡಿಯ ಎರಡು ತಟ್ಟೆಗಳಂತೆ ನಿಂತಿವೆ. ಫುಲ್ಮಣಿಯ ಮನೆಯು ಚೊಕ್ಕಟ, ಆದುದರಿಂದ ವಿಶ್ವಾಸವು ಗಟ್ಟಿ. ಕರುಣೆಯ ಮನೆಯು ಅಸ್ತವ್ಯಸ್ತ, ಆದುದರಿಂದ ವಿಶ್ವಾಸವು ಸಡಿಲ. ಕಥೆ ಹೇಳುವವಳು ಆ ಮನೆಗಳನ್ನು ನೋಡಲು ಬರುವ ಯುರೋಪಿಯನ್ ಮಹಿಳೆ; ತೂಕ ಮಾಡುವ ಕೈಯು ಅವಳದು. ಇಬ್ಬರು ಮಕ್ಕಳ ಸಾಮ್ಯವನ್ನು ಈ ರೀತಿಯಲ್ಲಿ ಬರೆದಿದ್ದರೆ ವಿಧೇಯನಾದ ಹಿರಿಯನೇ ನಾಯಕನಾಗುತ್ತಿದ್ದನು! ವಾಚಕನ ಮನಸ್ಸಿನಲ್ಲಿ ಫುಲ್ಮಣಿಗಿಂತ ಕರುಣೆಯೇ ಹೆಚ್ಚು ಕಾಲ ನಿಲ್ಲುವುದು ಆಕಸ್ಮಿಕವಲ್ಲ. ಪಾಠಕ್ಕೆ ಸುಲಭವಾಗಿ ಒಗ್ಗದ ಜೀವನವು ಅವಳ ಮನೆಯಲ್ಲಿಯೇ ಉಳಿದಿದೆ.

೬

ಮಮ್ಮಟನು ಕಾವ್ಯದ ಉಪದೇಶವನ್ನು ಕಾಂತಾಸಂಮಿತವೆಂದು ವರ್ಣಿಸಿ, ಪ್ರಭುವಿನ ಆಜ್ಞೆಯಿಂದಲೂ ಮಿತ್ರನ ಹಿತವಚನದಿಂದಲೂ ಅದನ್ನು ಬೇರ್ಪಡಿಸಿದುದು ಅಲಂಕಾರಿಕರಿಗೆ ತಿಳಿದುದೇ. ಬೋಧೆಯ ಬಗೆಗಳನ್ನು ವಿಂಗಡಿಸಲು ಆತನೂ ಮನೆಯ ಸಂಬಂಧವನ್ನೇ ಆಶ್ರಯಿಸಿದನು. ಮಡದಿಯ ಮಾತು ಒಲಿಸುತ್ತದೆ, ಆದರೆ ಬಲಾತ್ಕರಿಸುವುದಿಲ್ಲ. ಉತ್ತರ ಕೊಡುವ ಸ್ವಾತಂತ್ರ್ಯವು ಕೇಳಿದವನಿಗೆ ಉಳಿದಿರುತ್ತದೆ. ಯೇಸುವಿನ ಗೃಹಸಾಮ್ಯಗಳು ಈ ವರ್ಗಕ್ಕೆ ಸೇರತಕ್ಕವು. ಅವುಗಳ ಅನುಕರಣದಿಂದ ಹುಟ್ಟಿದ ನೀತಿಕಥೆಗಳು ಬಹುಮಟ್ಟಿಗೆ ಪ್ರಭುಸಂಮಿತದ ಕಡೆಗೆ ಜಾರಿದವು.

ಆದಕಾರಣ ಇಂತಹ ಕಥೆಯನ್ನು ಪಾಠಕ್ಕಾಗಿ ಆರಿಸುವ ಉಪಾಧ್ಯಾಯನು ಮೊದಲು ವಿಚಾರಿಸತಕ್ಕ ಪ್ರಶ್ನೆಯೊಂದುಂಟು: ಪಾಠವನ್ನು ಹೇಳಿಬಿಟ್ಟ ಮೇಲೆ ಕಥೆಯಲ್ಲಿ ಏನಾದರೂ ಉಳಿಯುತ್ತದೆಯೇ? ಹಿಟ್ಟಿನ ಅಳತೆ, ಮಲಗಿದ ಮಕ್ಕಳು, ಹಿರಿಯನ ನ್ಯಾಯವಾದ ಲೆಕ್ಕ ಇವು ಉಳಿದರೆ ಅದು ಸಾಹಿತ್ಯ. ವಿಶ್ವಾಸಿಗೂ ಅವಿಶ್ವಾಸಿಗೂ ಅದು ಒಂದೇ ಬಾಗಿಲನ್ನು ತೋರಿಸುತ್ತದೆ. ಏನೂ ಉಳಿಯದಿದ್ದರೆ ಆ ಮನೆಯಲ್ಲಿ ಯಾರೂ ವಾಸಮಾಡಿರಲಿಲ್ಲವೆಂದು ತಿಳಿಯತಕ್ಕದ್ದು.